ಹಸಿರು ಹೋಟೆಲು: ಉಳಿತಾಯ ಯಾರ ಪಾಲಿಗೆ?

ದೊಡ್ಡ ನಗರಗಳ ದೊಡ್ಡ ಹೋಟೆಲುಗಳಲ್ಲಿ ಸ್ನಾನದ ಕೋಣೆಯ ಗೋಡೆಗೆ ಒಂದು ಚೀಟಿ ಹಚ್ಚಿರುತ್ತಾರೆ. ನೀರು ಅಮೂಲ್ಯವಾದದ್ದು, ಭೂಮಿಯನ್ನು ಉಳಿಸಬೇಕು, ಆದ್ದರಿಂದ ಒಮ್ಮೆ ಬಳಸಿದ ಟವೆಲನ್ನು ಒಗೆಯಲು ಹಾಕದೆ ಇನ್ನೊಮ್ಮೆ ಬಳಸಿರಿ ಎಂಬುದು ಅದರ ಸಾರಾಂಶ. ನಮ್ಮ ಓದುಗರಲ್ಲಿ ಅಂತಹ ಕೋಣೆಯಲ್ಲಿ ಹಣ ತೆತ್ತು ತಂಗಿದವರು ಬಹಳ ಮಂದಿ ಇರಲಾರರು. ಒಂದು ಟವೆಲು ಇಡೀ ಸಂಸಾರಕ್ಕೆ ಸಾಲುವ ಮನೆಗಳು ನಮ್ಮವು. ಅದನ್ನು ಎರಡನೆಯ ದಿನ ಬಳಸಲು ನಮಗೆ ಯಾರ ಚೀಟಿಯೂ ಬೇಕಾಗಿಲ್ಲ. ಹಾಗಿದ್ದ ಮೇಲೆ ದುಡಿಯುವವರ ಪತ್ರಿಕೆಗೆ ಈ ವಿಚಾರ ಏತಕ್ಕೆ ಎಂದು ಕೆಲವರು ಕೇಳಬಹುದು.

ಏತಕ್ಕೆಂದರೆ, ಆ ಕೋಣೆಯ ಬಟ್ಟೆಯನ್ನು ನೇಯ್ದವನು ಗಿರಣಿಯ ಕೆಲಸಗಾರ. ಆ ಟವೆಲನ್ನು ಒಗೆಯುವವಳು ಕೂಲಿಯ ಹೆಂಗಸು. ಅಲ್ಲಿಯ ಅಡಿಗೆಮನೆಗೆ ಬೇಳೆ, ತರಕಾರಿ, ಬಾಳೆಯೆಲೆ ಒದಗಿಸುವವನು ಸಣ್ಣ ವ್ಯಾಪಾರಿ. ಹೋಟೆಲುಗಳು ಪರಿಸರಕ್ಕೆ ಹಿತವಾಗುವಂತೆ ನಡೆಯತೊಡಗಿವೆ ಎಂದರೆ ಈ ಮೂವರ ಬದುಕಿನಲ್ಲೂ ಏನೋ ಬದಲಾಗುತ್ತಿದೆ ಎಂದೇ ಅರ್ಥ. ಆ ಬದಲಾವಣೆಯಿಂದ ಉಳಿಯುವ ಹಣ ಯಾರ ಜೇಬಿಗೆ ಹೋಗುತ್ತದೆ, ಅದರ ಹೊರೆ ಯಾರ ಬೆನ್ನಿಗೆ ಬೀಳುತ್ತದೆ ಎಂದು ಕೇಳುವುದು ನಮ್ಮ ಕರ್ತವ್ಯ.

ಮೊದಲು ನ್ಯಾಯವಾಗಿ ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಮುಂಬಯಿಯ ವಿಮಾನ ನಿಲ್ದಾಣದ ಬಳಿ 1997ರಲ್ಲಿ ತೆರೆದ ಆರ್ಕಿಡ್ ಹೋಟೆಲು, ನೀರು ವಿದ್ಯುತ್ತುಗಳ ಮಿತವ್ಯಯವನ್ನೇ ತನ್ನ ಹೆಸರು ಮಾಡಿಕೊಂಡಿತು. ಬೆಂಗಳೂರಿನ ಐಟಿಸಿ ಗಾರ್ಡೇನಿಯಾ ಹೋಟೆಲು ಹಸಿರು ಕಟ್ಟಡಗಳಿಗೆ ಕೊಡುವ 'ಲೀಡ್' ಪ್ರಮಾಣಪತ್ರದಲ್ಲಿ ಪ್ಲಾಟಿನಂ ಎಂಬ ಅತ್ಯುಚ್ಚ ದರ್ಜೆಯನ್ನು ಪಡೆಯಿತು. 2019ರಲ್ಲಿ ಮ್ಯಾರಿಯಟ್ ಎಂಬ ಭಾರಿ ಕಂಪನಿ ತನ್ನ ಸ್ನಾನದ ಕೋಣೆಗಳಿಂದ ಪುಟ್ಟ ಪ್ಲಾಸ್ಟಿಕ್ ಸೀಸೆಗಳನ್ನು ತೆಗೆದು, ಗೋಡೆಗೆ ದೊಡ್ಡ ಸೀಸೆಗಳನ್ನು ಹಾಕುವುದಾಗಿ ಸಾರಿತು. ಇದರಿಂದ ವರ್ಷಕ್ಕೆ 50 ಕೋಟಿ ಸೀಸೆಗಳು ಕಸಕ್ಕೆ ಬೀಳುವುದು ತಪ್ಪುತ್ತದೆಂದು ಆ ಕಂಪನಿಯೇ ಲೆಕ್ಕ ಕೊಟ್ಟಿತು. ಒಂದು ಕಂಪನಿ ಒಂದು ವರ್ಷದಲ್ಲಿ 50 ಕೋಟಿ ಸೀಸೆ! ಉಳಿಸಿದ್ದಕ್ಕೆ ಹೊಗಳುವುದರ ಜತೆಗೆ, ಅಷ್ಟು ವರ್ಷ ಎಸೆದದ್ದು ಎಷ್ಟು ಎಂಬುದನ್ನೂ ಈ ಲೆಕ್ಕ ನಮಗೆ ಹೇಳುತ್ತದೆ.

ಟವೆಲಿನ ಚೀಟಿಯ ಕಪಟವನ್ನು ಮೊದಲು ಬಯಲಿಗೆಳೆದವನು ಜೇ ವೆಸ್ಟರ್ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ. ಹೋಟೆಲುಗಳು ಬೇರೆ ಎಲ್ಲ ದುಂದನ್ನೂ ಹಾಗೆಯೇ ಇಟ್ಟುಕೊಂಡು, ಒಗೆಯುವ ಖರ್ಚು ಉಳಿಸಲು ಮಾತ್ರ ಭೂಮಿಯ ಹೆಸರು ಹೇಳುತ್ತಿವೆ ಎಂದು ಆತ 1986ರಲ್ಲಿ ಬರೆದ. ಅದಕ್ಕೆ 'ಗ್ರೀನ್‌ವಾಷಿಂಗ್' ಎಂದು ಹೆಸರಿಟ್ಟ. ಹಳೆಯ ಗೋಡೆಗೆ ಸುಣ್ಣ ಬಳಿದು ಹೊಸದೆನ್ನುವಂತೆ, ಹಳೆಯ ಲಾಭಕೋರತನಕ್ಕೆ ಹಸಿರು ಬಳಿದು ಪುಣ್ಯವೆನ್ನುವುದು ಎಂದು ಅದರ ಅರ್ಥ. ಆ ಮಾತು ಈಗ ಲೋಕದ ಎಲ್ಲ ಉದ್ಯಮಗಳಿಗೂ ಅನ್ವಯಿಸುತ್ತಿದೆ. ಆದರೆ ಅದು ಹುಟ್ಟಿದ್ದು ಹೋಟೆಲಿನ ಸ್ನಾನದ ಕೋಣೆಯಲ್ಲಿ ಎಂಬುದನ್ನು ಮರೆಯಕೂಡದು.

ಒಗೆಯುವ ಖರ್ಚು ಉಳಿದರೆ ತಪ್ಪೇನು ಎಂದು ಕೇಳಬಹುದು. ತಪ್ಪಿಲ್ಲ. ಆ ಉಳಿತಾಯವನ್ನು ಯಾರಿಂದ ಕಸಿದುಕೊಳ್ಳಲಾಯಿತು ಎಂಬುದೇ ಪ್ರಶ್ನೆ. ಸ್ಟಾರ್‌ವುಡ್ ಎಂಬ ಅಮೆರಿಕದ ಹೋಟೆಲು ಕಂಪನಿ ಒಂದು ಯೋಜನೆ ಹೂಡಿತು. ತನ್ನ ಕೋಣೆಯನ್ನು ಈ ದಿನ ಗುಡಿಸುವುದು ಬೇಡ, ಹಾಸಿಗೆ ಬದಲಿಸುವುದು ಬೇಡ ಎಂದು ಅತಿಥಿ ಹೇಳಿದರೆ, ಪರಿಸರ ಉಳಿಸಿದ್ದಕ್ಕಾಗಿ ಅವನಿಗೆ ಊಟತಿಂಡಿಯ ರಿಯಾಯಿತಿ ಚೀಟಿಯನ್ನೋ ಮುಂದಿನ ತಂಗುವಿಕೆಗೆ ಅಂಕಗಳನ್ನೋ ಕೊಡುವುದು. ಅತಿಥಿಗೆ ಸಂತೋಷ, ಕಂಪನಿಗೆ ಲಾಭ, ಭೂಮಿಗೂ ಹಿತ! ಆದರೆ ಕೋಣೆ ಗುಡಿಸುವ ಹೆಂಗಸರಿಗೆ ಏನಾಯಿತು? ಕೋಣೆಗಳು ಕಡಮೆಯಾದವೆಂದು ಅವರ ಕೆಲಸದ ಗಂಟೆಗಳನ್ನು ಕಡಿದರು. ಮೂರು ನಾಲ್ಕು ದಿನ ಗುಡಿಸದೆ ಬಿಟ್ಟ ಕೋಣೆ ಕೊನೆಗೆ ಅವರ ಕೈಗೇ ಬಂದಾಗ ಒಂದಕ್ಕೆ ಎರಡರಷ್ಟು ಬೆವರು ಹರಿಯಿತು; ಆದರೆ ಲೆಕ್ಕಕ್ಕೆ ಅದು ಒಂದೇ ಕೋಣೆ. 2016ರಲ್ಲಿ ಈ ಕಂಪನಿಯನ್ನು ಮ್ಯಾರಿಯಟ್ ಕೊಂಡಿತು. 2018ರಲ್ಲಿ ಅಮೆರಿಕದ ಎಂಟು ಊರುಗಳಲ್ಲಿ ಮ್ಯಾರಿಯಟ್ ಹೋಟೆಲುಗಳ ಏಳು ಸಾವಿರಕ್ಕೂ ಹೆಚ್ಚು ನೌಕರರು ಮುಷ್ಕರ ಹೂಡಿದಾಗ, ಬದುಕಲು ಒಂದು ಕೆಲಸ ಸಾಕಾಗಬೇಕು ಎಂಬುದು ಅವರ ಘೋಷಣೆಯಾಗಿತ್ತು; ಅವರ ದೂರುಗಳಲ್ಲಿ ಈ ಹಸಿರು ಯೋಜನೆಯೂ ಒಂದಾಗಿತ್ತು.

ಗಿರಣಿಯ ಕೆಲಸಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಯಂತ್ರ ಬಂದಾಗ ದಕ್ಷತೆಯ ಹೆಸರಿನಲ್ಲಿ ಒಬ್ಬನಿಗೆ ಇಬ್ಬರ ಮಗ್ಗ ಒಪ್ಪಿಸಿ, ಇನ್ನೊಬ್ಬನನ್ನು ಮನೆಗೆ ಕಳುಹಿಸಿದ ಕಥೆಯೇ ಇದು. ಹೆಸರು ಮಾತ್ರ ಬೇರೆ. ಪ್ರಮಾಣಪತ್ರ ಕೊಡುವವರು ಕಟ್ಟಡದ ಗೋಡೆಯನ್ನು ಅಳೆಯುತ್ತಾರೆ, ನಲ್ಲಿಯ ನೀರನ್ನು ಅಳೆಯುತ್ತಾರೆ, ದೀಪದ ವಿದ್ಯುತ್ತನ್ನು ಅಳೆಯುತ್ತಾರೆ. ನೆಲ ಒರೆಸುವವಳ ಕೂಲಿ ಆ ತಕ್ಕಡಿಗೆ ಏರುವುದಿಲ್ಲ. ನೀರು ಉಳಿಸಿ ಮನುಷ್ಯನನ್ನು ಹಿಂಡುವ ಹಸಿರು ನಮಗೆ ಒಪ್ಪಿಗೆಯಿಲ್ಲ.

ಇನ್ನು ನಮ್ಮ ಊರುಗಳ ಕಡೆಗೆ ಬರೋಣ. ಇಲ್ಲಿ ಹೋಟೆಲೆಂದರೆ ತಂಗುವ ಮಹಲಲ್ಲ. ಇಡ್ಲಿ ದೋಸೆಯ ಅಂಗಡಿ, ಖಾನಾವಳಿ, ಚಹದ ಗೂಡು. ಇವು ಯಾವ ಪ್ರಮಾಣಪತ್ರವೂ ಇಲ್ಲದೆ ಬಹುಕಾಲ ಹಸಿರಾಗಿಯೇ ನಡೆದು ಬಂದವು. ಊಟ ಬಾಳೆಯೆಲೆಯಲ್ಲಿ, ಇಲ್ಲವೆ ಕಡ್ಡಿ ಚುಚ್ಚಿದ ಮುತ್ತುಗದ ಎಲೆಯಲ್ಲಿ. ಉಂಡೆದ್ದ ಮೇಲೆ ಎಲೆ ದನಕ್ಕೆ ಅಥವಾ ತಿಪ್ಪೆಗೆ. ಕಾಫಿ ಹಿತ್ತಾಳೆಯ, ಆಮೇಲೆ ಸ್ಟೀಲಿನ ಲೋಟದಲ್ಲಿ. ಒಂದನ್ನು ಇಬ್ಬರು ಹಂಚಿಕೊಳ್ಳುವ 'ಬೈಟು' ನಮ್ಮದೇ ಪದ್ಧತಿ. ಇಡ್ಲಿ ತಟ್ಟೆಯ ಮೇಲೆ ಹಾಸುತ್ತಿದ್ದದ್ದು ಒದ್ದೆ ಹತ್ತಿ ಬಟ್ಟೆ.

ಈ ಪದ್ಧತಿ ಕೆಟ್ಟದ್ದು ನಮ್ಮ ಕಣ್ಣೆದುರಿನಲ್ಲೇ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು 250ರಷ್ಟು ಕಡೆ ಇಡ್ಲಿಯನ್ನು ಪರೀಕ್ಷಿಸಿದಾಗ, 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದದ್ದು ಕಂಡುಬಂತು. ಸರ್ಕಾರ ಅದನ್ನು ನಿಷೇಧಿಸಿತು. ಈ ನಿಷೇಧವನ್ನು ನಾವು ಪೂರ್ಣವಾಗಿ ಬೆಂಬಲಿಸುತ್ತೇವೆ. ಸಣ್ಣವನು ಮಾಡಿದ ತಪ್ಪೆಂದು ತಪ್ಪು ಒಪ್ಪಾಗುವುದಿಲ್ಲ. ಆ ಇಡ್ಲಿ ತಿನ್ನುವವನು ಬೆಳಗಿನ ಪಾಳಿಗೆ ಓಡುವ ಕೆಲಸಗಾರನೇ ಅಲ್ಲವೆ? ಚಹದ ಕಾಗದದ ಲೋಟವೂ ನಿರಪರಾಧಿಯಲ್ಲ. ಅದರ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಬಳಿದಿರುತ್ತದೆ. ಅಂತಹ ಲೋಟದಲ್ಲಿ 100 ಮಿಲಿಲೀಟರು ಬಿಸಿ ದ್ರವ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಬೆರೆಯುತ್ತವೆಂದು ಖರಗಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದರು. ತೊಳೆದ ಸ್ಟೀಲಿನ ಲೋಟಕ್ಕೆ ಸಮನಾದ ಪಾತ್ರೆ ಇನ್ನೂ ಹುಟ್ಟಿಲ್ಲ.

ಆದರೆ ಲೋಟ ತೊಳೆಯಲು ನೀರು ಬೇಕು, ತೊಳೆಯುವವನಿಗೆ ಕೂಲಿ ಕೊಡಬೇಕು. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ, ಮುಸುರೆ ತೊಳೆಯುವ ನೀರು ಉಳಿಸಲು ಎಸೆಯುವ ತಟ್ಟೆ ಲೋಟಗಳ ಮೊರೆಹೋಗುವ ಮಾತನ್ನು ಹೋಟೆಲಿನವರು ಆಡಿದರು. ನೀರು ಉಳಿಸಹೋದರೆ ಕಸ ಬೆಳೆಯುತ್ತದೆ. ಕಸ ಕಡಮೆ ಮಾಡಹೋದರೆ ನೀರು ಸಾಲದು. ಈ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಸಣ್ಣ ಹೋಟೆಲಿನವನಿಗೆ ಉಪದೇಶ ಮಾಡುವವರು ನೂರು ಮಂದಿ. ಸಹಾಯಕ್ಕೆ ಬರುವವರು ಒಬ್ಬರೂ ಇಲ್ಲ.

ಕಾನೂನು ಯಾರ ಬಾಗಿಲನ್ನು ಮೊದಲು ತಟ್ಟುತ್ತದೆ ಎಂಬುದನ್ನು ನೋಡಿರಿ. ಕರ್ನಾಟಕದಲ್ಲಿ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಲಾಯಿತು. ಆ ಆಜ್ಞೆ ತಯಾರಿಕೆಗೂ, ಸಗಟು ಮಾರಾಟಕ್ಕೂ, ಬಳಕೆಗೂ ಸಮನಾಗಿ ಅನ್ವಯಿಸುವಂಥದ್ದು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಒಮ್ಮೆ ಬಳಸಿ ಎಸೆಯುವ ಇಂತಹ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿತು. ಇಷ್ಟಾದರೂ ಮಾಲು ಪೇಟೆಗೆ ಬರುತ್ತಲೇ ಇದೆ. ಆಕಾಶದಿಂದ ಉದುರುತ್ತದೆಯೆ? ಎಲ್ಲೋ ಒಂದು ಯಂತ್ರ ಅದನ್ನು ತಯಾರಿಸುತ್ತಿದೆ, ಯಾವುದೋ ಲಾರಿ ಅದನ್ನು ಹೊತ್ತು ತರುತ್ತಿದೆ. ದಾಳಿ ಮಾತ್ರ ತಳ್ಳುಗಾಡಿಯ ಮೇಲೆ, ದಂಡ ಮಾತ್ರ ಚಹದ ಗೂಡಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಆಡಳಿತ ನಿಲ್ಲಬೇಕು.

ಹೊರೆಯನ್ನು ಗಾತ್ರಕ್ಕೆ ತಕ್ಕಂತೆ ಹಂಚುವುದು ಅಸಾಧ್ಯವೇನಲ್ಲ. 1948ರ ಕಾರ್ಖಾನೆ ಕಾಯಿದೆ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂದು ವಿಧಿಸಲು ಅವಕಾಶ ಮಾಡಿತು. ಹತ್ತು ಜನರ ಕಾರ್ಖಾನೆಗೆ ಆ ಹೊರೆ ಹೊರಿಸಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹಾಕುವವರನ್ನು ಬೇರೆಯಾಗಿಯೇ ಗುರುತಿಸಿದವು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಪುಟ್ಟ ಪ್ಲಾಸ್ಟಿಕ್ ಸೀಸೆಗಳನ್ನು ನಿಷೇಧಿಸಿದಾಗ, 50ಕ್ಕಿಂತ ಹೆಚ್ಚು ಕೋಣೆಗಳ ಹೋಟೆಲುಗಳಿಗೆ 2023ರಿಂದ, ಸಣ್ಣವಕ್ಕೆ ಒಂದು ವರ್ಷ ತಡವಾಗಿ 2024ರಿಂದ ಅನ್ವಯಿಸಿತು. ದೊಡ್ಡವನು ಮೊದಲು, ಸಣ್ಣವನು ಆಮೇಲೆ. ಬಂಡವಾಳಶಾಹಿಯ ತವರಿನಲ್ಲೇ ನಡೆಯುವ ಈ ನ್ಯಾಯ ಸಮಾಜವಾದದ ಮಾತಾಡುವ ನಮ್ಮಲ್ಲಿ ಏಕೆ ನಡೆಯಕೂಡದು?

ಕರಿದ ಎಣ್ಣೆಯ ವಿಷಯದಲ್ಲಿ ಈ ನ್ಯಾಯದ ಅಗತ್ಯ ಇನ್ನೂ ಸ್ಪಷ್ಟ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಆರೋಗ್ಯಕ್ಕೆ ಕೆಡುಕಾದ ಸಂಯುಕ್ತಗಳು ಬೆಳೆಯುತ್ತವೆ. ಅವು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈನಿಂದ ಬಂದಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಡಬೇಕೆಂದು 2019ರಲ್ಲಿ ವಿಧಿಸಲಾಯಿತು. ಏಕೆ? ದೊಡ್ಡ ಅಡಿಗೆಮನೆಯಲ್ಲಿ ಕೆಟ್ಟ ಎಣ್ಣೆ ಮೋರಿಗೆ ಹೋದರೆ ನೀರು ಹಾಳು. ಅಗ್ಗದ ಬೆಲೆಗೆ ಹಿಂಬಾಗಿಲಿನಿಂದ ಬಜ್ಜಿಯ ಗಾಡಿಗೆ ಹೋದರೆ ಬಡವನ ಹೊಟ್ಟೆ ಹಾಳು. ಸಿರಿವಂತರ ತಟ್ಟೆಗೆ ಸಲ್ಲದ ಎಣ್ಣೆ ಕೂಲಿಯವನ ಬಾಯಿಗೆ ಬರಕೂಡದು. ಆ ಎಣ್ಣೆಯಿಂದ ಎಂಜಿನು ಓಡಿಸುವ ಜೈವಿಕ ಡೀಸೆಲನ್ನು ಮಾಡಬಹುದು. ಅದಕ್ಕೆ ಬೇಕಾದದ್ದು ಪ್ರತಿ ಊರಿನಲ್ಲೂ ನ್ಯಾಯವಾದ ಬೆಲೆಗೆ ಅದನ್ನು ಕೊಂಡು ಒಯ್ಯುವ ವ್ಯವಸ್ಥೆ.

ಅನ್ನದ ವಿಚಾರಕ್ಕೆ ಬಂದರೆ ಮನಸ್ಸು ಇನ್ನೂ ನೋಯುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರಡಿಸಿದ ವರದಿಯ ಪ್ರಕಾರ, 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ 28ರಷ್ಟು ಪೋಲಾದದ್ದು ಹೋಟೆಲು, ಕ್ಯಾಂಟೀನುಗಳಂತಹ ಅಡಿಗೆಮನೆಗಳಲ್ಲಿ. ಅಳಿದುಳಿದ ಅನ್ನ, ಸಿಪ್ಪೆ, ಗಂಜಿಗಳನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಒಲೆಗೆ ಅನಿಲ ಸಿಗುತ್ತದೆ, ಉಳಿದದ್ದು ಗೊಬ್ಬರವಾಗುತ್ತದೆ. ಪುಣೆಯ ಆರ್ತಿ ಸಂಸ್ಥೆ ಅಡಿಗೆಮನೆಯ ಕಸದಿಂದಲೇ ನಡೆಯುವ ಸಣ್ಣ ಅನಿಲ ತೊಟ್ಟಿಯನ್ನು ರೂಪಿಸಿ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. ಭಾಭಾ ಅಣುಸಂಶೋಧನಾ ಕೇಂದ್ರ ದೊಡ್ಡ ಪ್ರಮಾಣಕ್ಕೆ 'ನಿಸರ್ಗಋಣ' ಎಂಬ ಸ್ಥಾವರವನ್ನು ರೂಪಿಸಿತು. ಹತ್ತು ಮೇಜಿನ ಹೋಟೆಲಿನವನು ಇಂತಹದನ್ನು ಒಂಟಿಯಾಗಿ ಕಟ್ಟಲಾರ; ಜಾಗವಿಲ್ಲ, ಹಣವಿಲ್ಲ. ಆದರೆ ಒಂದು ಬೀದಿಯ ಇಪ್ಪತ್ತು ಹೋಟೆಲುಗಳು ಸಹಕಾರಿ ಸಂಘ ಮಾಡಿಕೊಂಡು, ನಗರಸಭೆ ಜಾಗ ಕೊಟ್ಟರೆ ಏಕೆ ಆಗದು? ಕಟ್ಟಿ ಉದ್ಘಾಟನೆ ಮಾಡಿದರೆ ಸಾಲದು ಎಂಬ ಎಚ್ಚರವೂ ಇರಲಿ. ಬೆಂಗಳೂರಿನ ವಾರ್ಡುಗಳಲ್ಲಿ ಕಟ್ಟಿದ ಇಂತಹ ಸ್ಥಾವರಗಳಲ್ಲಿ ಹಲವು, ಬೇರ್ಪಡಿಸಿದ ಕಸವೂ ಸರಿಯಾದ ಉಸ್ತುವಾರಿಯೂ ಇಲ್ಲದೆ ನಿಂತುಹೋದದ್ದುಂಟು. ಕಲ್ಲಿನ ಫಲಕದಲ್ಲಿ ಮಂತ್ರಿಯ ಹೆಸರು ಉಳಿಯಿತು, ಅನಿಲ ಉಳಿಯಲಿಲ್ಲ.

ಎಲೆ ತಟ್ಟೆಯ ಕಸುಬಿಗೂ ಇದೇ ಮಾತು. ಮಲೆನಾಡು ಕರಾವಳಿಗಳ ಎಷ್ಟೋ ಸಣ್ಣ ಘಟಕಗಳು ಉದುರಿದ ಅಡಕೆ ಹಾಳೆಯನ್ನು ನೆನೆಸಿ, ಬಿಸಿಯಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಕೆಯ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಕೊಟ್ಟು ಇವುಗಳ ಆಮದಿಗೆ ತಡೆಯೊಡ್ಡಿತು. ಹೊರದೇಶದ ಮಾತೆಂದು ಕುರುಡಾಗಿ ನಂಬುವುದೂ ಬೇಡ, ನಮ್ಮ ವಸ್ತುವೆಂದು ಕುರುಡಾಗಿ ಸಮರ್ಥಿಸುವುದೂ ಬೇಡ. ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಇಂತಹ ಸಂಸ್ಥೆಗಳಿಂದ ಸರ್ಕಾರ ತನ್ನ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಸಾರಲಿ. ಒಳ್ಳೆಯದಾದರೆ ಸರ್ಕಾರಿ ಸಮಾರಂಭಗಳಲ್ಲೆಲ್ಲ ಅದನ್ನೇ ಬಳಸಲಿ. ತೊಂದರೆಯಿದ್ದರೆ ಸರಿಪಡಿಸುವ ವಿಧಾನವನ್ನು ಆ ಕಸುಬುದಾರರಿಗೆ ಕಲಿಸಲಿ. ಎರಡನ್ನೂ ಮಾಡದೆ ಸುಮ್ಮನಿರುವುದು ಅವರನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ಕೊನೆಯದಾಗಿ ವಿದ್ಯಾರ್ಥಿನಿಲಯಗಳು. ಬಡವರ, ಹಿಂದುಳಿದವರ, ದಲಿತರ ಮಕ್ಕಳು ಓದುವ ಸರ್ಕಾರಿ ಹಾಸ್ಟೆಲುಗಳ ಮಾಲಿಕ ಯಾವ ಬಂಡವಾಳಗಾರನೂ ಅಲ್ಲ, ಸರ್ಕಾರವೇ. ಸರಳವಾದ ಒಂದು ಲೆಕ್ಕ ಹಾಕೋಣ. ನೂರು ಹುಡುಗರ ಸ್ನಾನಕ್ಕೆ ತಲಾ 15 ಲೀಟರು ನೀರನ್ನು 25 ಡಿಗ್ರಿಯಷ್ಟು ಕಾಯಿಸಲು ದಿನಕ್ಕೆ ಸುಮಾರು 44 ಯೂನಿಟ್ಟು ವಿದ್ಯುತ್ತು ಬೇಕು; ತಿಂಗಳಿಗೆ 1,300 ಯೂನಿಟ್ಟಿಗೂ ಹೆಚ್ಚು. ಮಾಡಿನ ಮೇಲೆ ಸೂರ್ಯ ಇದನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಾನೆ. ಆದರೆ ನಮ್ಮ ಬಯಲುಸೀಮೆಯ ಗಡಸು ನೀರಿಗೆ ಸೌರ ಹೀಟರಿನ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ; ಕಾಲಕಾಲಕ್ಕೆ ಅದನ್ನು ತೆಗೆಯದಿದ್ದರೆ ಆ ಯಂತ್ರ ಮಾಡಿಗೆ ಭಾರ ಮಾತ್ರ. ಕೊಳ್ಳುವುದಕ್ಕೆ ಹಣ ಮಂಜೂರಾದಂತೆ ರಿಪೇರಿಗೂ ಮಂಜೂರಾಗಬೇಕು. ಅಲ್ಲಿ ಉಳಿದ ಒಂದೊಂದು ರೂಪಾಯಿಯೂ ಖಜಾನೆಗೆ ಮರಳದೆ, ಆ ಮಕ್ಕಳ ತಟ್ಟೆಗೆ ಮೊಟ್ಟೆಯಾಗಿಯೋ ಹಾಲಾಗಿಯೋ ಬರಬೇಕು. ಹಸಿರಿನ ಹೆಸರಿನಲ್ಲಿ ಹುಡುಗರ ಬಿಸಿನೀರನ್ನೇ ನಿಲ್ಲಿಸುವ ಮಿತವ್ಯಯವನ್ನು ನಾವು ಕಟುವಾಗಿ ವಿರೋಧಿಸುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಹಸಿರಿನ ಹೆಸರು ಹೇಳಿ ಲಾಭ ಮಾಡುವ ದೊಡ್ಡ ಹೋಟೆಲುಗಳು ತಾವು ಉಳಿಸಿದ ನೀರು, ವಿದ್ಯುತ್ತು, ಹಣದ ಲೆಕ್ಕವನ್ನು ಪ್ರಕಟಿಸಬೇಕು, ಇದರಿಂದ ಒಬ್ಬ ನೌಕರನ ಕೆಲಸವನ್ನೂ ಗಂಟೆಯನ್ನೂ ಕಡಿಯಕೂಡದು, ಉಳಿತಾಯದಲ್ಲಿ ನೌಕರರಿಗೆ ಪಾಲು ಸಲ್ಲಬೇಕು. ಎರಡು: ನಿಷಿದ್ಧ ಪ್ಲಾಸ್ಟಿಕ್ಕಿನ ದಾಳಿ ತಯಾರಿಸುವವನಿಂದ, ಸಗಟು ವ್ಯಾಪಾರಿಯಿಂದ ಆರಂಭವಾಗಬೇಕು. ಮೂರು: ಸಣ್ಣ ಹೋಟೆಲು, ಖಾನಾವಳಿಗಳಿಗೆ ಸ್ಟೀಲಿನ ಪಾತ್ರೆ, ನೀರು ಮಿತವಾಗಿ ಬಿಡುವ ನಲ್ಲಿ, ಸೌರ ಹೀಟರುಗಳಿಗೆ ಸಹಕಾರಿ ಬ್ಯಾಂಕುಗಳಿಂದ ಅಲ್ಪ ಬಡ್ಡಿಯ ಸಾಲ ಸಿಗಬೇಕು. ನಾಲ್ಕು: ಹೋಟೆಲುಗಳು ಹೆಚ್ಚಿರುವ ಬೀದಿಗಳಲ್ಲಿ ಸಹಕಾರಿ ಅನಿಲ ಸ್ಥಾವರಕ್ಕೆ ನಗರಸಭೆ ಜಾಗ ಕೊಡಬೇಕು. ಐದು: ಇವೆಲ್ಲಕ್ಕೂ ಮೊದಲು ಸರ್ಕಾರ ತನ್ನ ವಿದ್ಯಾರ್ಥಿನಿಲಯಗಳನ್ನು ಸರಿಪಡಿಸಿ ತೋರಿಸಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಅಮೆರಿಕದ ಸಂಶೋಧಕರು ಟವೆಲಿನ ಚೀಟಿಯನ್ನೇ ಪರೀಕ್ಷಿಸಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರಿಸರ ಉಳಿಸಿರಿ ಎಂಬ ಚೀಟಿಗೆ ಓಗೊಟ್ಟವರು ನೂರಕ್ಕೆ 35. ಇಲ್ಲಿ ತಂಗಿದವರಲ್ಲಿ ಹೆಚ್ಚಿನವರು ಹೀಗೆಯೇ ಮಾಡುತ್ತಾರೆ ಎಂಬ ಚೀಟಿಗೆ ನೂರಕ್ಕೆ 44. ಮನುಷ್ಯ ಉಪದೇಶಕ್ಕಿಂತ ನೆರೆಯವನ ನಡತೆಯಿಂದ ಬೇಗ ಕಲಿಯುತ್ತಾನೆ ಎಂದಾಯಿತು. ಸಂಘ ಕಟ್ಟಿದವರಿಗೆ ಇದು ಹೊಸ ಪಾಠವಲ್ಲ. ಪಾಳಿ ಮುಗಿಸಿ ಚಹಕ್ಕೆ ನಿಂತವರೆಲ್ಲ ನಾಳೆಯಿಂದ ಸ್ಟೀಲಿನ ಲೋಟದಲ್ಲೇ ಕೊಡು ಎಂದು ಕೇಳಲಿ; ಬೀದಿಯ ಹೋಟೆಲಿನವರೆಲ್ಲ ಒಟ್ಟಾಗಿ ಕಾಗದದ ಲೋಟ ಕೊಳ್ಳುವುದನ್ನು ನಿಲ್ಲಿಸಲಿ; ಅದನ್ನು ತೊಳೆಯುವವನ ಕೂಲಿಯನ್ನು ಒಂದಿಷ್ಟು ಏರಿಸಲಿ. ಯಾವ ಪ್ಲಾಟಿನಂ ಪತ್ರವೂ ಇಲ್ಲದೆ ಆ ಬೀದಿ ಹಸಿರಾಗುತ್ತದೆ. ಅಲ್ಲಿಯ ಉಳಿತಾಯದಲ್ಲಿ ಎಲ್ಲರಿಗೂ ಪಾಲಿರುತ್ತದೆ.